ಗಾಬರಿ ಟೀಚರ್

ಕೆಲವರಿಗೆ ಕೂತಲ್ಲೇ ನಿದ್ದೆ ಬರುತ್ತದೆ. ನನಗೆ ಕೂತಲ್ಲೇ ಗಾಬರಿ ಬರುತ್ತದೆ. ಬಂದದ್ದು ತನ್ನಷ್ಟಕ್ಕೆ ಹೋದರೆ ನಾನು ಏನೂ ಅನ್ನುತ್ತಿರಲಿಲ್ಲ. ಆದರೆ ಅದು ಹೋಗುವಾಗ ನಾಲ್ಕು ಜನರ ಎದುರಿಗೆ ನನ್ನ ಮರ್ಯಾದೆಯನ್ನೂ ಎತ್ತಿಕೊಂಡೇ ಹೋಗುತ್ತದೆ. ಒಂದು ಸಲದ ನಾಚಿಕೆ ಇನ್ನೂ ಆರಿರುವುದಿಲ್ಲ, ಅಷ್ಟರಲ್ಲಿ ಇನ್ನೊಂದು ತಯಾರಾಗಿ ನಿಂತಿರುತ್ತದೆ.

ನಮ್ಮ ಮನೆ ಹೊಸಪೇಟೆಯಲ್ಲಿ. ನಾನು ಕಲಿಸುವ ಶಾಲೆ ಕಂಪ್ಲಿ ದಾಟಿ ಎಮ್ಮಿಗನೂರಿನ ಕಡೆ. ಯಜಮಾನರಿಗೆ ಸಂಡೂರಿನ ಆಚೆ ಯಶವಂತನಗರದ ಗಣಿಯಲ್ಲಿ ಕೆಲಸ. ಒಬ್ಬಳೇ ಮಗಳು, ಇಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಮೂವರೂ ಮೂರು ದಿಕ್ಕಿಗೆ ಹೊರಟ ಮೇಲೆ ಬೆಳಗ್ಗೆ ಮನೆಯಲ್ಲಿ ಉಳಿಯುವುದು ಬೀಗ ಒಂದೇ. ನನ್ನಂಥವಳ ಗಾಬರಿಗೆ ಅಷ್ಟು ಸಾಲದೇ?

ಗ್ಯಾಸ್

ಅವತ್ತು ಕಂಪ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಬಸ್ಸು ಊರು ಬಿಟ್ಟು ಗದ್ದೆಗಳ ನಡುವೆ ಹೊರಟಿತ್ತು, ತಣ್ಣನೆ ಗಾಳಿ ಬರುತ್ತಿತ್ತು. ಇಷ್ಟು ಆರಾಮಾಗಿದ್ದರೆ ಏನೋ ಮರೆತಿದ್ದೇನೆ ಅಂತಲೇ ಅರ್ಥ ಅನ್ನಿಸಿತು. ತಕ್ಷಣ ಹೊಳೆಯಿತು: ಗ್ಯಾಸ್ ಆಫ್ ಮಾಡಿದೆನಾ?

ನೆನಪಿಸಿಕೊಳ್ಳಲು ನೋಡಿದೆ. ಕೈ ರೆಗ್ಯುಲೇಟರ್ ಮೇಲೆ ಇಟ್ಟ ಹಾಗೆ ಅನ್ನಿಸಿತು. ಅದು ಇವತ್ತಿನ ಕೈಯೋ ನಿನ್ನೆಯ ಕೈಯೋ ಗೊತ್ತಾಗಲಿಲ್ಲ. ಎದ್ದು ಕಂಡಕ್ಟರ್ ಹತ್ತಿರ ಹೋದೆ.

"ಸ್ವಲ್ಪ ನಿಲ್ಲಸ್ರೀ, ನಾನು ಇಳೀಬೇಕು."

"ಇಲ್ಲೇನೈತ್ರಿ ಮೇಡಂ? ಬರೇ ಗದ್ದಿ ಐತಿ."

"ಗ್ಯಾಸ್ ಬಂದ್ ಮಾಡದೇ ಬಂದೀನಿ ಅನಸ್ತೈತ್ರಿ."

ನಾನು ಮೆಲ್ಲಗೇ ಹೇಳಿದ್ದು. ಆದರೆ ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಮುಂದಿನ ಸೀಟಿನ ಹೆಂಗಸು ಎದೆ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ, ನಾನು ಹಾಲು ಕಾಯಾಕ ಇಟ್ಟಿದ್ನಲ್ಲ, ಇಳಿಸಿದ್ನೋ ಇಲ್ಲೋ!" ಅವಳ ಹಿಂದಿದ್ದವರು, "ಮ್ಯಾಲಿನ ಟಾಕಿಗೆ ಮೋಟರ್ ಹಚ್ಚಿ ಬಂದೀನಿ ನಾನು" ಅಂತ ಎದ್ದರು. ಇಸ್ತ್ರಿ ಪೆಟ್ಟಿಗೆ ನೆನಪಾಗಿ ಇನ್ನೊಬ್ಬರು ಎದ್ದರು. ಡ್ರೈವರ್ ಹಿಂದೆ ತಿರುಗಿ ಕಂಡಕ್ಟರ್‌ಗೆ, "ಲೇ, ಡಿಪೋದಾಗ ನನ್ನ ಬೈಕಿನ ಕೀಲಿ ತಕ್ಕೊಂಡ್ನೇನಲೇ?" ಅಂದ.

ಕಂಡಕ್ಟರ್ ಹಣೆ ಬಡಿದುಕೊಂಡ. "ಜಲ್ದಿ ಇಳೀರಿ ಮೇಡಂ. ನೀವು ಇನ್ನೊಂದು ಮಾತಾಡಿದ್ರೆ ಬಸ್ ಖಾಲಿ ಆಗತೈತಿ!"

ನನ್ನ ಜೊತೆ ಮತ್ತೆ ಮೂವರು ಇಳಿದರು. ಎಲ್ಲರೂ ಒಂದೇ ಆಟೊ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ವಾಪಸ್ಸು ಬಂದೆವು.

ಬಾಗಿಲು ತೆರೆಯುವ ಮೊದಲು ಪಕ್ಕದ ಮನೆ ಅಕ್ಕನಿಗೆ ಕೂಗಿ, "ಒಲಿ ಆರಸ್ರೀ, ಗ್ಯಾಸ್ ಸೋರಾಕತ್ತೈತಿ" ಅಂದೆ. ಆಕೆ ಪಾಪ, ಕುದಿಯುವ ಸಾರು ಅರ್ಧಕ್ಕೆ ಬಿಟ್ಟು ಬೀದಿಗೆ ಬಂದು ನಿಂತಳು. ನಾನು ಮೂಗಿಗೆ ಸೆರಗು ಹಿಡಿದು, ಲೈಟಿನ ಸ್ವಿಚ್ಚು ಮುಟ್ಟದೆ, ಕಿಟಕಿಗಳನ್ನು ತೆರೆಯುತ್ತ ಅಡುಗೆಮನೆಗೆ ಹೋಗಿ ಸಿಲಿಂಡರ್ ಮುಟ್ಟಿದೆ. ಮುಟ್ಟಿದ್ದೇ ತಡ, ಅದು ಹಗುರಾಗಿ ಪಕ್ಕಕ್ಕೆ ವಾಲಿತು.

ಗ್ಯಾಸ್ ಹಿಂದಿನ ಸಂಜೆಯೇ ಖಾಲಿಯಾಗಿತ್ತು. ಬುಕ್ ಮಾಡಿದ್ದೆವು, ಇನ್ನೂ ಬಂದಿರಲಿಲ್ಲ. ಅದಕ್ಕೇ ಬೆಳಗ್ಗೆ ಮೂವರೂ ಹೋಟೆಲಿನಿಂದ ಒಗ್ಗರಣಿ ಮಂಡಕ್ಕಿ, ಮಿರ್ಚಿ ತರಿಸಿಕೊಂಡು ತಿಂದಿದ್ದು.

ಅಕ್ಕ ಹೊರಗಿನಿಂದ, "ಸಾರು ಮತ್ತ ಹಚ್ಚಲೇನ್ರಿ?" ಅಂತ ಕೇಳುತ್ತಿದ್ದಳು. ಅಷ್ಟರಲ್ಲಿ ಹೆಡ್‌ಮಾಸ್ಟರ್ ಫೋನು. ಯಾಕೆ ಬಂದಿಲ್ಲ ಅಂದರು. ನಿಜ ಹೇಳಲು ಬಾಯಿ ಬರಲಿಲ್ಲ.

"ಹೊಟ್ಟಿ ಸರಿ ಇಲ್ರಿ ಸರ್."

"ಗ್ಯಾಸೇನ್ರಿ ಮೇಡಂ?"

"ಹೌದ್ರಿ ಸರ್," ಅಂದೆ. "ಗ್ಯಾಸೇ."

ಓವರ್

ಯಜಮಾನರು ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡುತ್ತಾರೆ. ಪ್ರೀತಿಗಲ್ಲ, ಮಾಡದಿದ್ದರೆ ನಾನು ಮಾಡುತ್ತೇನೆ ಅನ್ನೋ ಭಯಕ್ಕೆ. ಗಣಿಯ ತಗ್ಗಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಅವರು ಮೇಲೆ ಹತ್ತಿ ಬಂದು ಮಾಡಬೇಕು.

ಒಂದು ದಿನ ಫೋನ್ ಬರಲಿಲ್ಲ. ನಾನು ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತು. ಮತ್ತೆ ಮಾಡಿದೆ, ಮತ್ತೆ ಅದೇ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ, "ಊಟ ಮಾಡ್ರಿ, ಆಮೇಲೆ ನೋಡೋಣ" ಅಂದರು. ನನ್ನ ಕಣ್ಣ ಮುಂದೆ ಆಗಲೇ ಅದಿರಿನ ಲಾರಿ ಮಗುಚಿತ್ತು. ಡಬ್ಬಿ ಮುಚ್ಚುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಸಂಡೂರಿನ ಆಸ್ಪತ್ರೆಗೆ ಹೋಗಿ, ಅತ್ತು, ಅವರ ತಮ್ಮಂದಿರಿಗೆಲ್ಲ ಸುದ್ದಿ ಮುಟ್ಟಿಸಿಯೂ ಆಗಿತ್ತು.

ಗಣಿಯಲ್ಲಿ ಹಾಜರಿ ಹಾಕುವ ಟೈಂ ಆಫೀಸಿನ ನಂಬರು ನನ್ನಲ್ಲಿತ್ತು. "ಭಾಳ ಅರ್ಜೆಂಟ್ ಇದ್ರೆ ಮಾತ್ರ" ಅಂತ ಯಜಮಾನರೇ ಹೇಳಿ ಕೊಟ್ಟಿದ್ದು. ಮಾಡಿದೆ. ಯಾರೋ ವಯಸ್ಸಾದವರು ಎತ್ತಿದರು. ಯಜಮಾನರ ಹೆಸರು ಹೇಳಿದೆ, ಅಷ್ಟಕ್ಕೇ ಅಳು ಬಂತು.

"ಅವರು ಆರಾಮ ಅದಾರಂತ ಯಾರಾದ್ರೂ ಒಬ್ರು ಕಣ್ಣಿಲೆ ನೋಡಿ ಹೇಳ್ರಿ ಸಾಕು."

"ಅಳಬ್ಯಾಡ್ರಿ ಅಮ್ಮಾ, ಈಗ ನೋಡಿಸ್ತೀನಿ" ಅಂದ ಆ ಪುಣ್ಯಾತ್ಮ ಫೋನ್ ಕೆಳಗಿಟ್ಟು ವಾಕಿಟಾಕಿ ಹಿಡಿದರು. ಮುಂದಿನದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

"ಎಲ್ಲಾರೂ ಕೇಳ್ರಿ. ಸೂಪರ್‌ವೈಸರ್ ಸಾಹೇಬ್ರ ಮನಿಯವರು ಫೋನಿನಾಗ ಅಳಾಕತ್ತಾರ. ಸಾಹೇಬ್ರು ಆರಾಮ ಅದಾರೇನು, ಕಂಡವರು ಹೇಳ್ರಿ, ಓವರ್."

ಗರಗರ ಸದ್ದು. "ಮುಂಜಾನಿ ಕಂಡಿದ್ರು. ಆವಾಗ ಆರಾಮ ಇದ್ರು, ಓವರ್."

"ಈಗಿಂದ ಹೇಳಲೇ, ಓವರ್!"

"ಕ್ಯಾಂಟೀನ್ ಕಡಿ ಹೋದಂಗಿತ್ತು, ಓವರ್."

ಆಮೇಲೆ ಇನ್ನೊಂದು ದನಿ, ಬಾಯಿ ತುಂಬ ಏನೋ ಇಟ್ಟುಕೊಂಡು: "ಇಲ್ಲೇ ಅದಾರ್ರಿ, ನನ್ನ ಮುಂದ. ಎರಡನೇ ಸಲ ಅನ್ನ ಹಾಕಿಸ್ಕೊಂಡು ಉಣ್ಣಾಕತ್ತಾರ. ಭಾಳ ಆರಾಮ ಅದಾರ, ಓವರ್."

ಇಡೀ ಗುಡ್ಡದಲ್ಲಿ ಎಷ್ಟು ಲಾರಿಗಳಿದ್ದವೋ ಅಷ್ಟರಲ್ಲೂ ಇದು ಕೇಳಿಸಿತಂತೆ. ಸಂಜೆ ಕಂಪನಿ ಬಸ್ಸಿನಲ್ಲಿ ಹತ್ತಿದವರು ಹತ್ತಿದ ಹಾಗೆ, "ಸಾಹೇಬ್ರ, ಆರಾಮ ಅದೀರೇನು, ಓವರ್" ಅಂತ ಕೇಳಿಕೊಂಡೇ ಕೂತರಂತೆ. ಯಜಮಾನರು ಮನೆಗೆ ಬಂದರು. ಕೆಂಪು ಧೂಳಿನ ಬೂಟು ಕಳಚಿ, ಮುಖ ತೊಳೆದು, ತಟ್ಟೆ ಮುಂದೆ ಕೂತರು. ನಾನು ತಲೆ ತಗ್ಗಿಸಿ ಚಪಾತಿ ಬಡಿಸಿದೆ. ಸಕ್ಕರೆ ಕಾಯಿಲೆ ಅಂತ ಡಾಕ್ಟರು ಅವರಿಗೆ ಅನ್ನ ಕಮ್ಮಿ ಮಾಡಲು ಹೇಳಿದ್ದರು; ಇವರು ಪೂರಾ ಬಿಟ್ಟೇ ಬಿಟ್ಟಿದ್ದೇನೆ ಅಂತ ನನಗೆ ಹೇಳಿದ್ದರು.

"ತಪ್ಪಾತ್ರಿ," ಅಂದೆ. "ಇನ್ನ ಮ್ಯಾಲೆ ಆಫೀಸಿಗೆ ಮಾಡಂಗಿಲ್ಲ."

"ಹೂಂ."

"ಆದ್ರ ಒಂದು ಕೇಳ್ತೀನಿ. ಎರಡನೇ ಸಲ ಅನ್ನ ಹಾಕಿಸ್ಕೊಂಡಿದ್ದು ಖರೇನಾ?"

ಅವರು ನನ್ನನ್ನೊಮ್ಮೆ ನೋಡಿದರು. "ಓವರ್" ಅಂದು ಕೈ ತೊಳೆಯಲು ಎದ್ದು ಹೋದರು.

ಕ್ಯಾಮೆರಾ

ಬೀಗ ಹಾಕಿದ ಮೇಲೆ ಜಗ್ಗಿ ನೋಡುವುದು ಎಲ್ಲರಿಗೂ ಇರುತ್ತದೆ. ನನಗೆ ಅದು ಸ್ವಲ್ಪ ಜಾಸ್ತಿ. ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಬೀಗ ಸಿಕ್ಕಿಸುವ ಕೊಂಡಿ ಬಾಗಿಲಿನಿಂದ ಕಿತ್ತು ಮೊಳೆಯ ಸಮೇತ ಜೋತಾಡುತ್ತಿದೆ.

"ಕಳ್ಳರು!" ಅಂತ ಕೂಗಿದೆ. ಓಣಿಯವರೆಲ್ಲ ಬಂದರು. ಒಳಗೆ ನೋಡಿದರೆ ಏನೂ ಹೋಗಿಲ್ಲ. "ಕೀಳೋದ್ರಾಗ ಯಾರೋ ಬಂದಿರಬೇಕು, ಓಡಿ ಹೋಗ್ಯಾರ" ಅಂತ ಒಬ್ಬರು ಹೇಳಿದರು. ಎದುರಿನ ಕಿರಾಣಿ ಅಂಗಡಿಯವರು ಹೊಸದಾಗಿ ಕ್ಯಾಮೆರಾ ಹಾಕಿಸಿದ್ದರು. ಅದನ್ನು ಉಪಯೋಗಿಸುವ ಯೋಗ ಅವರಿಗೆ ಇನ್ನೂ ಬಂದಿರಲಿಲ್ಲ. "ಎಲ್ಲಿಗೆ ಹೋಗ್ತಾನ್ರಿ ಮಗ? ಬರ್ರಿ, ಈಗ ಹಿಡಿಯೋಣ" ಅಂತ ಉತ್ಸಾಹದಿಂದ ಎಲ್ಲರನ್ನೂ ಒಳಗೆ ಕರೆದರು. ಬೆಲ್ಲದ ಡಬ್ಬಿ, ಎಣ್ಣೆ ಟಿನ್ನುಗಳ ನಡುವೆ ಓಣಿಯೇ ಟಿ.ವಿ. ಮುಂದೆ ನಿಂತಿತು.

ಬೆಳಗಿನ ಚಿತ್ರ ಬಂತು. ನಾನು ಬೀಗ ಹಾಕಿದೆ, ಜಗ್ಗಿದೆ, ಹೊರಟೆ. ಓಣಿಯ ಮೂಲೆಗೆ ಹೋಗಿ ವಾಪಸ್ಸು ಬಂದೆ, ಜಗ್ಗಿದೆ. ಹೋದೆ. ಮತ್ತೆ ಬಂದೆ. ಈ ಸಲ ಚೀಲ ಕೆಳಗಿಟ್ಟು ಎರಡೂ ಕೈಯಿಂದ ಜಗ್ಗಿದೆ. ಹೋದೆ. ಅಂಗಡಿಯೊಳಗೆ ಒಬ್ಬೊಬ್ಬರೇ ನನ್ನ ಕಡೆ ತಿರುಗತೊಡಗಿದರು. ಮತ್ತೆ ಬಂದೆ, ಒಂದು ಕಾಲನ್ನು ಗೋಡೆಗೆ ಊರಿ ಜಗ್ಗಿದೆ. ಅದು ನನಗೇ ನೆನಪಿರಲಿಲ್ಲ. ಆಮೇಲೆ ಬಸ್ಸಿಗೆ ತಡವಾಯಿತು ಅಂತ ಹಿಂದೆ ನೋಡದೆ ಓಡಿದೆ. ನನ್ನ ಹಿಂದೆ ಕೊಂಡಿ ಸಾವಕಾಶವಾಗಿ ಬಾಗಿಲು ಬಿಟ್ಟು ಕೆಳಗೆ ಜೋತುಬಿತ್ತು.

ನನಗೆ ಆ ಎಣ್ಣೆ ಟಿನ್ನಿನೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳಬೇಕು ಅನ್ನಿಸಿತು. ಅಂಗಡಿಯವರು ಬಹಳ ಸಭ್ಯರು. ರಿಮೋಟ್ ಕೆಳಗಿಟ್ಟು ಗಂಟಲು ಸರಿ ಮಾಡಿಕೊಂಡು ಹೇಳಿದರು:

"ಪೊಲೀಸ್ರಿಗೆ ಹೇಳೋದು ಬ್ಯಾಡ್ರಿ ಟೀಚರ್. ಪರಿಚಯದವರ ಹಂಗ ಕಾಣಸ್ತಾರ."

ಉಸಿರು

ಇದಾದ ಮೇಲೆ ಮಗಳು ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನನಗೆ ಮನಸ್ಸಿರಲಿಲ್ಲ. ಪರಿಚಯದವರು ನೋಡಿದರೆ ಏನಂತಾರೆ ಅಂತ ಸೆರಗು ಹಣೆವರೆಗೆ ಎಳೆದುಕೊಂಡು ಕೂತೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಾನು ಹೇಳಿದ್ದನ್ನೆಲ್ಲ ನಗದೆ ಕೇಳಿದರು. ಅವರು ನಗದೇ ಇದ್ದದ್ದಕ್ಕೆ ನನಗೆ ಅಳು ಬಂತು.

"ಏನೂ ಆಗಿಲ್ಲ ಅಂತ ನನಗ ಗೊತ್ತಿರತೈತ್ರಿ," ಅಂದೆ. "ಆದ್ರೂ ಎದಿ ಕೇಳಂಗಿಲ್ಲ. ಈ ವಯಸ್ಸಿನಾಗ ನಾಚಿಕಿ ಆಗತೈತಿ."

"ಭಾಳ ಮಂದಿಗೆ ಇರತೈತಿ ಅಮ್ಮಾ. ನಿಮ್ಮಂಗ ಬಂದು ಹೇಳೋರು ಕಮ್ಮಿ," ಅಂದರು. ಉಸಿರಾಟ ಕಲಿಸಿಕೊಟ್ಟರು. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ, ಮೂಗಿನಿಂದ ನಿಧಾನ ಎಳೆದುಕೊಳ್ಳಬೇಕು, ಬಾಯಿಂದ ಉಫ್ ಅಂತ ನಿಧಾನ ಬಿಡಬೇಕು. ಎಲ್ಲಿ ಗಾಬರಿಯಾದರೆ ಅಲ್ಲೇ ಮಾಡಬಹುದು ಅಂದರು.

ನನಗೆ ಹೆಚ್ಚು ಗಾಬರಿಯಾಗುವುದು ಬಸ್ಸಿನಲ್ಲಿ. ಮರುದಿನ ಸಂಜೆ ಕಂಪ್ಲಿಯಿಂದ ಮನೆಗೆ ಹೊರಟ ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು ಶುರು ಮಾಡಿದೆ. ಹೊಟ್ಟೆ ಮೇಲೆ ಕೈ. ಎಳೆದುಕೊಂಡೆ. ಉಫ್. ಪಕ್ಕದಲ್ಲಿ ಒಬ್ಬ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ತ್ರಾಸ ಆಗಾಕತ್ತೈತೇನವ್ವ?" ಅಂದಳು.

ಕಣ್ಣು ತೆರೆಯದೆ ಹೂಂ ಅಂದೆ. ಉಫ್.

"ಎಷ್ಟು ತಿಂಗಳಾತು?"

ಈ ಗಾಬರಿ ಎಷ್ಟು ದಿನದಿಂದ ಇದೆ ಅಂತ ಕೇಳುತ್ತಿದ್ದಾಳೆ, ತಿಳಿದವಳು ಪಾಪ, ಅಂದುಕೊಂಡೆ. "ಭಾಳ ತಿಂಗಳಾತಜ್ಜಿ. ಈಗೀಗ ತಡಕೊಳ್ಳಾಕ ಆಗವಲ್ದು." ಉಫ್.

"ನಿಲ್ಸಲೇ ಬಸ್ಸು!" ಅಜ್ಜಿಯ ಕೂಗಿಗೆ ನಾನೇ ಬೆಚ್ಚಿ ಕಣ್ಣು ಬಿಟ್ಟೆ. "ದಿನ ತುಂಬೈತಿ ಈ ಹೆಣ್ಮಗಳಿಗೆ! ಗಂಡಸರು ಇಳೀರಿ ಕೆಳಗ!"

ಬಸ್ಸು ಗಕ್ಕನೆ ನಿಂತಿತು. ಗಂಡಸರು ಇಳಿದು ಭತ್ತದ ಗದ್ದೆಯ ಬದುವಿನ ಮೇಲೆ ನಮಗೆ ಬೆನ್ನು ತಿರುಗಿಸಿ ಸಾಲಾಗಿ ನಿಂತರು. ಯಾರೋ ಚೀಲದಿಂದ ಹೊಸ ಸೀರೆ ತೆಗೆದು ಅಡ್ಡ ಹಿಡಿದರು. ಇನ್ನೊಬ್ಬಳು ನನ್ನ ಕಾಲು ಹಿಡಿದಳು.

"ಅಯ್ಯೋ ಬಿಡ್ರೇ! ನನಗ ಐವತ್ತು ದಾಟೈತ್ರಿ!"

"ಇರಲಿ ಬಿಡವ್ವ," ಅಜ್ಜಿ ನನ್ನ ತಲೆ ಸವರಿದಳು. "ಈಗ ವಯಸ್ಸು ಯಾರು ಕೇಳಿದ್ರು? ನೀ ಉಸಿರು ಬಿಡು."

ಹೊಟ್ಟೆ ತೋರಿಸಿ, ಡಾಕ್ಟರ ಚೀಟಿ ತೋರಿಸಿ ಅವರನ್ನು ನಂಬಿಸುವಷ್ಟರಲ್ಲಿ ಸಾಕಾಯಿತು. ಗಂಡಸರು ಮತ್ತೆ ಹತ್ತಿದರು. ಹತ್ತಿದವರಲ್ಲಿ ಒಬ್ಬರು ನಮ್ಮ ಶಾಲೆಯ ಹುಡುಗಿಯೊಬ್ಬಳ ಅಪ್ಪ. ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮರುದಿನ ಹಾಜರಿ ಕರೆಯುತ್ತಿದ್ದೆ. ಆ ಹುಡುಗಿ ಎದ್ದು ನಿಂತಳು.

"ಟೀಚರ್, ನಮ್ಮವ್ವ ಕೇಳಿಕೊಂಡು ಬಾ ಅಂದಾಳ್ರಿ. ಗಂಡೋ, ಹೆಣ್ಣೋ?"

ಹರಿಗೋಲು

ಕೊನೆಯದನ್ನು ಹೇಳಲು ಈಗಲೂ ಕಿವಿ ಬಿಸಿಯಾಗುತ್ತದೆ. ಮಗಳಿಗೆ ಸಂಡೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಅಲ್ಲೇ ಅಪ್ಪನ ಜೊತೆ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾನೆ. ಇಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿದ್ದರು, ಹಿರಿಯರು ಕೂಡುವುದು ಬಾಕಿ. ಹುಡುಗನ ಅಪ್ಪ, "ಮನಿಗೆ ಬಂದು ಅವಲಕ್ಕಿ ತಿಂದು ಹೋದ್ರೆ ಯಾರು ಹೆಂಗ ಅಂತ ಗೊತ್ತಾಗಂಗಿಲ್ರಿ. ಹಂಪಿಗೆ ಬರ್ರಿ, ಒಂದಿನ ಕೂಡಿ ತಿರುಗಾಡೋಣ" ಅಂದರು.

ಯಾರು ಹೆಂಗ ಅಂತ ಗೊತ್ತಾಗುವುದೇ ನನ್ನ ಭಯವಾಗಿತ್ತು. ಹೊರಡುವ ಮೊದಲು ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅವ್ವಾ, ನನಗ ಆ ಹುಡುಗ ಖರೇನ ಇಷ್ಟ. ಇವತ್ತೊಂದಿನ ಗಾಬರಿ ಆದ್ರ ನನ್ನ ಕೈ ಹಿಚುಕು. ಬಾಯಿ ಮಾತ್ರ ಬಿಡಬ್ಯಾಡ." ಹೆತ್ತ ಮಗಳು ಹೀಗೆ ಬೇಡಿಕೊಳ್ಳುವ ಹಾಗೆ ಮಾಡಿದೆನಲ್ಲ ಅಂತ ನನಗೆ ಬಹಳ ಕೆಡುಕೆನಿಸಿತು. ಆಗಲಿ ಅಂತ ಮಾತು ಕೊಟ್ಟೆ.

ಅರ್ಧ ದಿನ ಮಾತು ಉಳಿಸಿಕೊಂಡೆ. ವಿರೂಪಾಕ್ಷನ ಗುಡಿಯಲ್ಲಿ ಕೋತಿ ನನ್ನ ಕೈಯ ಬಾಳೆಹಣ್ಣು ಕಿತ್ತುಕೊಂಡಾಗಲೂ ನಕ್ಕೆ. ಹುಡುಗನ ತಾಯಿ ಮಾತ್ರ ಬೆಳಗಿನಿಂದ ತುಟಿ ಬಿಗಿದುಕೊಂಡೇ ಇದ್ದರು. ನೆಟ್ಟಗೆ ನಡೆಯುವ, ಜರಿ ಸೀರೆಯ, ಗಂಭೀರ ಹೆಂಗಸು. ಏನು ಕೇಳಿದರೂ ಹೂಂ, ಊಹೂಂ. ನಾನು ಅವರಿಗೆ ಸರಿ ಬಂದಿಲ್ಲ ಅಂತ ನನಗೆ ಖಾತ್ರಿಯಾಗಿತ್ತು.

ಊಟವಾದ ಮೇಲೆ ಹುಡುಗನ ಅಪ್ಪ ಹೊಳೆ ಕಡೆ ಕೈ ತೋರಿಸಿ, "ಹರಿಗೋಲಿನಾಗ ಒಂದು ಸುತ್ತು ಹೋಗಿ ಬರೋಣ" ಅಂದರು. ಮಗಳು ನನ್ನನ್ನು ನೋಡಿದಳು. ಹತ್ತಿದೆ. ಬುಟ್ಟಿಯಂಥ ಹರಿಗೋಲಿನಲ್ಲಿ ಸುತ್ತಲೂ ಕೂತೆವು. ಮಗಳು ಹುಡುಗನ ಕಡೆ, ನನ್ನ ಪಕ್ಕದಲ್ಲಿ ಹುಡುಗನ ತಾಯಿ. ಹಿಚುಕಲು ಮಗಳ ಕೈ ಸಿಗಲಿಲ್ಲ.

ಅಂಬಿಗ ಖುಷಿಯ ಮನುಷ್ಯ. ಬಂಡೆಗಳ ನಡುವೆ ಒಯ್ದು, "ಹಿಡಕೋರಿ ಮತ್ತ!" ಅಂತ ಹುಟ್ಟು ಹಾಕಿ ಹರಿಗೋಲನ್ನು ಗಿರ್ರನೆ ತಿರುಗಿಸಿದ. ಬಂಡೆ, ಗುಡಿ, ಯಜಮಾನರು, ಎಲ್ಲವೂ ತಿರುಗಿದವು. ನನ್ನ ಬಾಯಿ ಬಿಚ್ಚಿತು.

"ನನಗ ಬ್ಯಾಡ ಈ ಸಂಬಂಧ! ದಂಡಿಗೆ ಬಿಡ್ರಿ ನನ್ನ!"

ಎಲ್ಲರೂ ಕಲ್ಲಾದರು. ಅಷ್ಟರಲ್ಲಿ ನನ್ನ ಪಕ್ಕದಿಂದ ನನಗಿಂತ ದೊಡ್ಡ ದನಿ ಬಂತು.

"ನನಗೂ ಬ್ಯಾಡ! ಯಪ್ಪಾ, ಸತ್ನೆಪ್ಪೋ!"

ಹುಡುಗನ ತಾಯಿ! ಆಕೆ ಎರಡೂ ಕೈಯಿಂದ ನನ್ನ ಕುತ್ತಿಗೆ ತಬ್ಬಿಕೊಂಡರು, ನಾನು ಅವರ ಸೊಂಟ ಹಿಡಿದೆ. ಕಣ್ಣು ಮುಚ್ಚಿ ಇಬ್ಬರೂ ಒಂದೇ ಸ್ವರದಲ್ಲಿ ಕೂಗಿದೆವು. ಎಷ್ಟು ಹೊತ್ತು ಕೂಗಿದೆವೋ ಗೊತ್ತಿಲ್ಲ. ಹರಿಗೋಲಿನ ತಳ ಏನಕ್ಕೋ ಉಜ್ಜಿ ನಿಂತಿತು.

"ಅವ್ವಾರ," ಅಂದ ಅಂಬಿಗ. "ಒಮ್ಮೆ ಕಣ್ಣು ತಗೀರಿ."

ತೆಗೆದೆವು. ಆತ ನೀರಿನಲ್ಲಿ ಇಳಿದು ನಿಂತಿದ್ದ. ನೀರು ಅವನ ಮೊಣಕಾಲಿಗೂ ಬಂದಿರಲಿಲ್ಲ.

ದಂಡೆಗೆ ಬಂದೆವು. ಯಜಮಾನರೂ ಹುಡುಗನ ಅಪ್ಪನೂ ಅಲ್ಲಿನ ಮಂಟಪದ ಒಂದು ಕಂಬದ ಕೆತ್ತನೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮಗಳು ನೆಲ ನೋಡುತ್ತಿದ್ದಳು. ಅವಳ ಬದುಕನ್ನು ಮೊಣಕಾಲು ನೀರಿನಲ್ಲಿ ಮುಳುಗಿಸಿದೆ ಅಂತ ನಾನು ಬಂಡೆ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡೆ. ಪಕ್ಕದಲ್ಲಿ ಹುಡುಗನ ತಾಯಿ ಬಂದು ಕೂತರು. ಅವರ ಜರಿ ಸೀರೆಯ ಅಂಚು ಒದ್ದೆಯಾಗಿತ್ತು. ನನ್ನ ಕೈ ಹುಡುಕಿ ಹಿಡಿದುಕೊಂಡರು.

"ನಾನು ಗುಳಿಗಿ ತಗೊಂತೀನ್ರಿ, ಈ ಗಾಬರಿಗೆ," ಅಂದರು ಮೆಲ್ಲಗೆ. "ಮಗ ಹೇಳಿದ್ದ, ಇವತ್ತೊಂದಿನ ಸುಮ್ಮಕಿರವ್ವ ಅಂತ. ಟೀಚರ್ ಮನಿಯವರು, ಏನಂತಾರೋ ಅಂತ ಮುಂಜಾನಿಂದ ಹಲ್ಲು ಕಚ್ಚಿ ಕುಂತೀನಿ. ದವಡಿ ಬಿಗಿದೈತಿ."

"ನನಗೂ ಹೇಳಿ ಕರಕೊಂಡು ಬಂದಾಳ್ರಿ ಮಗಳು," ಅಂದೆ.

ಇಬ್ಬರೂ ಮುಖ ಮುಖ ನೋಡಿದೆವು. ಮೊದಲು ಅವರಿಗೆ ನಗು ಬಂತೋ ನನಗೋ, ಬಂಡೆಯಿಂದ ಜಾರುವ ಹಾಗೆ ನಕ್ಕೆವು. ಕಣ್ಣಲ್ಲಿ ನೀರು ಬಂತು. ಮಗಳು ಮತ್ತು ಹುಡುಗ ಹೆದರಿ ಓಡಿ ಬಂದರು.

"ಅವ್ವಾ, ಸಂಬಂಧ ಬ್ಯಾಡ ಅಂದ್ಯಲ್ಲ!" ಅಂದಳು ಮಗಳು.

"ನಾನು ಹರಿಗೋಲಿಗೆ ಅಂದಿದ್ದು," ಅಂದೆ.

"ನಾನೂ ಅದಕ್ಕೇ," ಅಂದರು ಬೀಗತಿ.

ಗಂಡಸರಿಬ್ಬರೂ ಕಂಬ ಬಿಟ್ಟು ಬಂದು ಅಲ್ಲೇ ನಿಂತು ಮದುವೆ ಮಾತು ಮುಗಿಸಿದರು. ಹರಿಗೋಲನ್ನು ದಂಡೆಗೆ ಬೋರಲು ಹಾಕಿ ಬಂದ ಅಂಬಿಗ ನಮ್ಮನ್ನೆಲ್ಲ ನೋಡಿ, "ಏನ್ರಿ, ಗಟ್ಟಿ ಆತೇನು?" ಅಂದ.

"ಆತಪ್ಪ," ಅಂದರು ಯಜಮಾನರು.

ಅಂಬಿಗ ದೂರ ದೂರ ನಿಂತಿದ್ದ ಹುಡುಗ ಹುಡುಗಿಯನ್ನು ನೋಡಿದ. ಆಮೇಲೆ ಬಂಡೆ ಮೇಲೆ ಕೈ ಕೈ ಹಿಡಿದು ಕೂತಿದ್ದ ನಮ್ಮಿಬ್ಬರನ್ನು ನೋಡಿದ.

"ಚಲೋ ಆತ್ರಿ," ಅಂದ. "ಆ ಹುಡುಗ್ರು ಹೊಳಿಯಾಗ ಒಬ್ಬರ ಕೈಬೆರಳು ಒಬ್ರು ಮುಟ್ಟಲಿಲ್ಲ. ಈ ಬೀಗತ್ಯಾರು ನೋಡ್ರಿ, ದಂಡಿಗೆ ಬಂದ್ರೂ ಬಿಡವಲ್ರು!"